ಹೆಬ್ಬಾಗಿಲು ಸಮುದ್ರದ ಕಡೆಗೆ

ಲೋಕದ ಅತಿ ದೊಡ್ಡ ಶ್ರೀಮಂತರು ಕೂಡ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಹೋಗುವ ಜಾಗ ಒಂದುಂಟು. ಅದು ಗುಡಿಯಲ್ಲ, ಅವರದೇ ಯಾಟ್. ದಕ್ಕೆಯಿಂದ ನೌಕೆಗೆ ಚಾಚಿದ ಕಿರುಸೇತುವೆಯ ಬುಡದಲ್ಲಿ ಒಂದು ಬುಟ್ಟಿ ಇಟ್ಟಿರುತ್ತಾರೆ. ಬಂದವರು ರಾಜಕುಮಾರರಾಗಲಿ, ಸಿನಿಮಾ ತಾರೆಯರಾಗಲಿ, ಸಾಲ ಕೊಟ್ಟ ಬ್ಯಾಂಕಿನವರೇ ಆಗಲಿ, ಜೋಡು ಕಳಚಿ ಬುಟ್ಟಿಗೆ ಹಾಕಿ ಬರಿಗಾಲಲ್ಲಿ ಏರಬೇಕು. ಕಾರಣ ಭಕ್ತಿಯಲ್ಲ, ತೇಗದ ಹಲಗೆ. ನೌಕೆಯ ಅಟ್ಟಕ್ಕೆ ಹಾಸಿದ ತೇಗದ ಮೇಲೆ ಚೂಪು ಹಿಮ್ಮಡಿಯ ಜೋಡು ಒಂದೊಂದು ಹೆಜ್ಜೆಗೂ ಒಂದೊಂದು ಕುಳಿ ಬೀಳಿಸುತ್ತದಂತೆ. ಮಡಿ ಎನ್ನುವುದು ಭೂಮಧ್ಯ ಸಮುದ್ರದ ತೀರದಲ್ಲೂ ಇಷ್ಟು ಕಟ್ಟುನಿಟ್ಟಾಗಿ ನಡೆಯುವುದನ್ನು ಕಂಡು ನನ್ನ ಹೆಂಡತಿಗೆ ಆ ಜನರ ಮೇಲೆ ಗೌರವ ಹುಟ್ಟಿತು. ನನಗೆ ಹುಟ್ಟಿದ್ದು ಬೇರೆ. ಅದನ್ನು ಹೊಟ್ಟೆಕಿಚ್ಚು ಎನ್ನುವುದು ವಾಡಿಕೆ.

ಆ ಬುಟ್ಟಿಗೆ ಜೋಡು ಹಾಕುವ ಯೋಗ ನನಗೆ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಯಾಟ್ ಏರಿಯೇ ನೋಡಬೇಕೆಂದು ಬಣ್ಣದ ಪುಸ್ತಿಕೆಗಳು ಸಾರುವ ಊರುಗಳನ್ನು, ಅಂದರೆ ಸಾಂ ತ್ರೋಪೆ, ಮೊನಾಕೊ, ಪೋರ್ಟೊಫಿನೊ, ಕಾಪ್ರಿ ಮುಂತಾದವನ್ನು, ನಾವು ನೋಡಿದ್ದು ಟಿಕೆಟ್ ಕೊಂಡು, ಫೆರಿ ದೋಣಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು. ಆದರೂ ಯಾಟಿನವರ ಊಟ ತಿಂಡಿಯ ವಿವರ ನಮಗೆ ಚೆನ್ನಾಗಿ ಗೊತ್ತು. ಅಲ್ಲಿ ನೌಕೆ ಕಟ್ಟುವ ಕ್ರಮವೇ ಹಾಗಿದೆ. ಭೂಮಧ್ಯ ಸಮುದ್ರದಲ್ಲಿ ಉಬ್ಬರವಿಳಿತ ಬಹಳ ಕಡಿಮೆ. ಹೆಚ್ಚಿನ ಕಡೆ ಮೊಣಕಾಲೆತ್ತರವೂ ಇಲ್ಲ. ನೀರು ಅಷ್ಟಾಗಿ ಏರಿಳಿಯದ್ದರಿಂದ ನೌಕೆಯ ಹಿಂಭಾಗವನ್ನೇ ದಕ್ಕೆಗೆ ಕಟ್ಟಬಹುದು. ಮುಂದೆ ಲಂಗರು ಬಿಟ್ಟು, ಹಿಮ್ಮುಖವಾಗಿ ಬಂದು, ಹಿಂದೆ ಹಗ್ಗ ಬಿಗಿದರೆ ಆಯಿತು. ಹಳೆಯ ರೇವುಗಳು ಇಕ್ಕಟ್ಟು. ಹೀಗೆ ಕಟ್ಟಿದರೆ ಹೆಚ್ಚು ನೌಕೆ ಹಿಡಿಯುತ್ತವೆ. ತೊಡಕು ಏನೆಂದರೆ ಯಾಟಿನ ಊಟದ ಮೇಜು ಇರುವುದು ಆ ಹಿಂಭಾಗದ ಜಗಲಿಯಲ್ಲೇ. ಕೋಟಿಗಟ್ಟಲೆ ಸುರಿದು ಏಕಾಂತ ಕೊಂಡವರು ಬೀದಿಗೆ ಮುಖ ಮಾಡಿ, ಐಸ್‌ಕ್ರೀಮ್ ನೆಕ್ಕುತ್ತ ನಿಂತ ಜನಜಂಗುಳಿಯ ಎದುರಿಗೆ, ಒಂದು ಜಿಗಿತದಷ್ಟು ನೀರಿನ ಆಚೆ ಕುಳಿತು ಉಣ್ಣುತ್ತಾರೆ. ಫ್ರಾನ್ಸಿನ ಸಾಂ ತ್ರೋಪೆಯಲ್ಲಿ ಒಬ್ಬ ಯಜಮಾನರು ಮೀನಿನ ಮುಳ್ಳು ಬಿಡಿಸಲು ಪಟ್ಟ ಪಾಡನ್ನು ನಾನು ಬಹಳ ಹೊತ್ತು ನೋಡಿದೆ. “ರೀ, ಸಾಕು ಬನ್ನಿ, ದೃಷ್ಟಿ ಆದೀತು” ಎಂದು ಇವಳು ತೋಳು ಹಿಡಿದು ಎಳೆಯದಿದ್ದರೆ ಹಣ್ಣು ಬರುವವರೆಗೂ ನಿಲ್ಲುತ್ತಿದ್ದೆ.

ಆ ರೇವಿನ ಎದುರಿಗೆ ಸೆನೆಕಿಯೆ ಎಂಬ ಕಾಫಿ ಅಂಗಡಿ ಇದೆ, ಕೆಂಪು ಕುರ್ಚಿಗಳಿಗೆ ಹೆಸರಾದದ್ದು. ಅಂಗಡಿಯ ಕುರ್ಚಿಗಳು ನೀರಿನ ಕಡೆಗೆ, ನೀರಿನ ಮೇಲಿನ ಕುರ್ಚಿಗಳು ಅಂಗಡಿಯ ಕಡೆಗೆ. ಇವರು ಅವರನ್ನು ನೋಡುತ್ತಾರೆ. ಅವರು, ಇವರು ನೋಡುತ್ತಿದ್ದಾರೆಯೇ ಎಂದು ನೋಡುತ್ತಾರೆ. ಕಾಫಿಯ ಬೆಲೆಯಲ್ಲಿ ಈ ನೋಟದ ಬಾಡಿಗೆಯೂ ಸೇರಿದೆ.

ಊರಿಗೆ ಹೆಸರು ಕೊಟ್ಟವನು ಟೊರ್ಪೆಸ್ ಎಂಬ ಕ್ರೈಸ್ತ ಸಂತ. ನೀರೋ ಚಕ್ರವರ್ತಿಯ ಕಾಲದಲ್ಲಿ ಇಟಲಿಯ ಪೀಸಾದಲ್ಲಿ ಅವನ ತಲೆ ಕಡಿದು, ಮುಂಡವನ್ನು ಮುರುಕು ದೋಣಿಗೆ ಹಾಕಿ, ತಿನ್ನಲೆಂದು ಒಂದು ನಾಯಿಯನ್ನೂ ಒಂದು ಹುಂಜವನ್ನೂ ಜೊತೆಗಿಟ್ಟು ಕಡಲಿಗೆ ಬಿಟ್ಟರೆಂದು ಐತಿಹ್ಯ. ನಾಯಿ ಮುಟ್ಟಲಿಲ್ಲ, ಹುಂಜ ಕುಕ್ಕಲಿಲ್ಲ. ದೋಣಿ ತೇಲಿ ತೇಲಿ ಈ ದಡಕ್ಕೆ ಬಂತು. ಅಂದರೆ ಸಾಂ ತ್ರೋಪೆಗೆ ದೋಣಿಯಲ್ಲಿ ಬಂದ ಮೊದಲ ಗಣ್ಯ ವ್ಯಕ್ತಿಗೆ ತಲೆ ಇರಲಿಲ್ಲ. ಆಮೇಲೆ ಬಂದವರ ವಿಷಯದಲ್ಲಿ ನಾನು ಏನೂ ಹೇಳುವುದಿಲ್ಲ. ಊರಿನವರು ಇಂದಿಗೂ ಪ್ರತಿ ಮೇ ತಿಂಗಳಲ್ಲಿ ಸಂತನ ಮೂರ್ತಿ ಹೊತ್ತು, ಹಳೆಯ ಕೋವಿಗಳಿಗೆ ಬರೀ ಮದ್ದು ತುಂಬಿ ಢಂ ಎನಿಸುತ್ತ ಮೆರವಣಿಗೆ ಮಾಡುತ್ತಾರೆ.

ತಲೆ ಇದ್ದವರೂ ಬಂದಿದ್ದಾರೆ. ಕಥೆಗಾರ ಮೊಪಾಸಾನಿಗೆ ‘ಬೆಲಾಮಿ’ ಎಂಬ ಸ್ವಂತ ಯಾಟ್ ಇತ್ತು. ತನ್ನ ಕಾದಂಬರಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದ. ಕಾದಂಬರಿ ಬರೆದು ಯಾಟ್ ಇಟ್ಟುಕೊಳ್ಳಬಹುದಾಗಿದ್ದ ಕಾಲವೊಂದಿತ್ತು ಎಂಬುದನ್ನು ಕನ್ನಡ ಲೇಖಕರಿಗೆ ತಿಳಿಸುವುದು ನನ್ನ ಕರ್ತವ್ಯ. ಅವನು ಈ ಕರಾವಳಿಯುದ್ದಕ್ಕೂ ಹಾಯಿ ಬಿಚ್ಚಿ ಅಲೆದು 1888ರಲ್ಲಿ ‘ಸ್ಯೂರ್ ಲೋ’ ಎಂಬ ಪುಸ್ತಕ ಬರೆದ. 1892ರಲ್ಲಿ ಚಿತ್ರಕಾರ ಪಾಲ್ ಸಿನ್ಯಾಕ್ ತನ್ನ ‘ಒಲಿಂಪಿಯಾ’ ನೌಕೆಯಲ್ಲಿ ಬಂದವನು ಊರಿನ ಬೆಳಕಿಗೆ ಮರುಳಾಗಿ ಅಲ್ಲೇ ಮನೆ ಮಾಡಿದ. ಅವನ ಬೆನ್ನಿಗೆ ಗೆಳೆಯರು ಬಂದರು. 1904ರ ಬೇಸಿಗೆಯಲ್ಲಿ ಚಿತ್ರಕಾರ ಮಾತೀಸ್ ಬಂದ. ಅಷ್ಟಾದರೂ ಊರು ಬಲೆ, ಟಾರು, ಮೀನಿನ ವಾಸನೆಯ ಬೆಸ್ತರ ಹಳ್ಳಿಯಾಗಿಯೇ ಉಳಿದಿತ್ತು. ಅದರ ಹಣೆಬರಹ ತಿದ್ದಿದ್ದು ಸಿನಿಮಾ. 1950ರ ದಶಕದ ನಡುವಿನಲ್ಲಿ ರೋಜೆ ವಾದಿಮ್ ಎಂಬ ನಿರ್ದೇಶಕ ಬ್ರಿಜಿತ್ ಬಾರ್ಡೋ ಎಂಬ ಹುಡುಗಿಯನ್ನು ಹಾಕಿಕೊಂಡು ಇಲ್ಲಿ ಚಿತ್ರೀಕರಣಕ್ಕೆ ಇಳಿದ. ಪಾಂಪೆಲೋನ್ ಮರಳದಂಡೆಯಲ್ಲಿ ಒಂದು ಕುಟುಂಬ ಗುಡಿಸಲು ಹಾಕಿಕೊಂಡು ತನ್ನ ಪಾಡಿಗೆ ಅಡಿಗೆ ಮಾಡಿಕೊಂಡಿತ್ತು. ಚಿತ್ರತಂಡದವರು ಅದನ್ನು ಹೋಟೆಲೆಂದು ತಿಳಿದು ಊಟ ಕೇಳಿದರಂತೆ. ಮನೆಯಾಕೆ ಇಲ್ಲ ಎನ್ನಲಿಲ್ಲ. ಅದೇ ಇಂದಿನ ‘ಕ್ಲಬ್ 55’; ಯಾಟುಗಳು ಎದುರಿಗೆ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಊಟಕ್ಕೆ ಇಳಿಯುವ ಜಗತ್ಪ್ರಸಿದ್ಧ ಜಾಗ. ಕೇಳಿದವರಿಗೆ ಅನ್ನ ಹಾಕುವುದರಿಂದ ಕೇಡಿಲ್ಲ ಎಂಬುದಕ್ಕೆ ಇಷ್ಟು ಲಾಭದಾಯಕವಾದ ದೃಷ್ಟಾಂತ ಬೇರೆ ಸಿಗಲಾರದು.

ಇನ್ನು ಇದೇ ಊರಿಗೆ ರಸ್ತೆಯಲ್ಲಿ ಬಂದು ನೋಡಿ. ರೈಲಿಲ್ಲ, ಹತ್ತಿರದ ದೊಡ್ಡ ನಿಲ್ದಾಣ ಸಾಂ ರಫಾಯೆಲ್. ಊರು ಒಂದು ಚಾಚಿನ ತುದಿಯಲ್ಲಿದೆ, ಅಲ್ಲಿಗೆ ಹೋಗುವವರೆಲ್ಲ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯಬೇಕು. ಆಗಸ್ಟ್ ತಿಂಗಳಲ್ಲಿ ಆ ದಾರಿಯ ಮೇಲೆ ಫೆರಾರಿ ಕಾರುಗಳು ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವೇಗದಲ್ಲಿ ಚಲಿಸುತ್ತವೆ. ಬೆವರಿ, ಹಾರ್ನ್ ಕೇಳಿ, ವಾಹನ ನಿಲ್ಲಿಸಲು ಜಾಗ ಹುಡುಕಿ, ಕಡೆಗೆ ಊರಿನ ಬೆನ್ನಿನ ಕಡೆಯಿಂದ ಒಳಗೆ ಬಂದರೆ ಹೊಳೆಯುವ ಪ್ರಶ್ನೆ ಒಂದೇ: ಇದಕ್ಕಾಗಿಯೇ ಬಂದೆವೆ? ನೀರಿನ ಮೇಲಿಂದ ಬಂದರೆ ಮೊದಲು ದೂರದಲ್ಲಿ ಚರ್ಚಿನ ಗಂಟೆಗೋಪುರದ ಬಣ್ಣ ಕಾಣುತ್ತದೆ, ಆಮೇಲೆ ಸಾಲುಮನೆಗಳು, ಆಮೇಲೆ ರೇವು ತೋಳು ತೆರೆಯುತ್ತದೆ. ಈ ಊರುಗಳನ್ನು ಕಟ್ಟಿದವರು ಕಡಲಿನವರು. ರಸ್ತೆ ಬಂದದ್ದು ಬಹಳ ತಡವಾಗಿ. ಹಾಗಾಗಿ ಇವುಗಳ ಹೆಬ್ಬಾಗಿಲು ಸಮುದ್ರದ ಕಡೆಗೆ. ಬಸ್ಸಿನಲ್ಲಿ, ಕಾರಿನಲ್ಲಿ ಬರುವವರು ಬರುವುದು ಹಿತ್ತಿಲ ಬಾಗಿಲಿನಿಂದ. ಯಾಟಿನವರಿಗೆ ರುಚಿಜ್ಞಾನ ಇದೆಯೋ ಇಲ್ಲವೋ, ದಾರಿ ಮಾತ್ರ ಸರಿಯಾದದ್ದನ್ನೇ ಹಿಡಿದಿದ್ದಾರೆ.

ಪೋರ್ಟೊಫಿನೊ ಇದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ. ಇಟಲಿಯ ಲಿಗೂರಿಯಾ ಕರಾವಳಿಯಲ್ಲಿ ಕೆಲವೇ ನೂರು ಜನ ವಾಸವಿರುವ ಊರು ಅದು. ರೇವು ಎಷ್ಟು ಚಿಕ್ಕದೆಂದರೆ ದೊಡ್ಡ ಯಾಟುಗಳು ಒಳಗೆ ಬರಲಾರದೆ ಹೊರಗೆ ಕೊಲ್ಲಿಯಲ್ಲಿ ನಿಂತು ಕಾಯುತ್ತವೆ. ನೌಕೆ ದೊಡ್ಡದಾದಷ್ಟೂ ದೂರ ನಿಲ್ಲಬೇಕು ಎಂಬ ಈ ಕಾನೂನನ್ನು ನಿಸರ್ಗವೇ ಮಾಡಿದೆ. ನಾನು ಅದನ್ನು ತುಂಬು ಮನಸ್ಸಿನಿಂದ ಅನುಮೋದಿಸುತ್ತೇನೆ. ರೇವಿನ ಸುತ್ತ ಎತ್ತರವಾದ, ಇಕ್ಕಟ್ಟಾದ, ಹಳದಿ, ಗುಲಾಬಿ, ಕಾವಿ ಬಣ್ಣದ ಮನೆಗಳು. ಕಡಲಿನಿಂದ ಮರಳುವ ಬೆಸ್ತನಿಗೆ ತನ್ನ ಮನೆ ದೂರದಿಂದಲೇ ಗುರುತು ಸಿಗಲಿ ಎಂದು ಹೀಗೆ ಬಳಿದರೆಂದು ಹೇಳುತ್ತಾರೆ. ಈಗ ಕೆಳಗಿನ ಅಂತಸ್ತುಗಳಲ್ಲಿ ಕೈಚೀಲದ ಅಂಗಡಿಗಳಿವೆ. ಯಾವ ಬೆಸ್ತ ಬಂದರೂ ಗುರುತು ಸಿಗಲಾರದು. ಜನ ನಿಂತು ನಿಂತು ಫೋಟೊ ತೆಗೆದುಕೊಳ್ಳುವುದರಿಂದ ದಾರಿ ಕಟ್ಟಿಹೋಗುತ್ತದೆಂದು 2023ರಲ್ಲಿ ಊರಿನ ಆಡಳಿತ ಕೆಲವು ಜಾಗಗಳಲ್ಲಿ ಹಗಲು ಹೊತ್ತು ನಿಲ್ಲುವುದನ್ನೇ ನಿಷೇಧಿಸಿತು. ತಪ್ಪಿದರೆ 275 ಯೂರೊವರೆಗೆ ದಂಡ. ನೋಡಲಿಕ್ಕೇ ಇರುವ ಊರಿನಲ್ಲಿ ನಿಂತು ನೋಡಿದರೆ ದಂಡ! ನಾನು ನಡೆಯುತ್ತಲೇ ಆನಂದಪಟ್ಟೆ. ಯೂರೊವನ್ನು ರೂಪಾಯಿಗೆ ಗುಣಿಸಬಾರದೆಂದು ಎಷ್ಟು ನಿಶ್ಚಯಿಸಿಕೊಂಡಿದ್ದರೂ ಅಂಥ ಸಮಯದಲ್ಲಿ ಮಗ್ಗಿ ತಾನಾಗಿ ಬಾಯಿಗೆ ಬರುತ್ತದೆ.

ಬೆಟ್ಟದ ಆ ಬದಿಗೆ ಕಮೋಲಿ ಎಂಬ ಊರು. ಯಾಟಿನವರು ಅಷ್ಟಾಗಿ ತಿರುಗಿ ನೋಡದ ಊರಾದ್ದರಿಂದ ನಮಗೆ ಅಲ್ಲಿ ಊಟ ಸಿಕ್ಕಿತು. ಅಲ್ಲಿಯ ಮನೆಗಳ ಗೋಡೆಯ ಮೇಲೆ ಕಿಟಕಿಗಳನ್ನು ಬಣ್ಣದಲ್ಲಿ ಬರೆದಿದ್ದಾರೆ: ಚೌಕಟ್ಟು, ಅರೆತೆರೆದ ಬಾಗಿಲು, ಅದರ ನೆರಳು ಎಲ್ಲವೂ ಉಂಟು, ಕಿಟಕಿ ಮಾತ್ರ ಇಲ್ಲ. ಲಿಗೂರಿಯಾದ ಕಡೆ ಇದು ಹಳೆಯ ರೂಢಿ. ಕಲ್ಲಿನ ಕೆತ್ತನೆಗೆ ದುಡ್ಡು ಸಾಲದಿದ್ದರೆ ಕುಂಚದಿಂದ ಶ್ರೀಮಂತಿಕೆ. “ಧೂಳು ಒರೆಸುವ ಕೆಲಸವಿಲ್ಲ, ಸೊಳ್ಳೆಯೂ ಬರುವುದಿಲ್ಲ” ಎಂದು ಇವಳು ಮೆಚ್ಚಿದಳು. ಪ್ರತಿ ವರ್ಷ ಮೇ ತಿಂಗಳಲ್ಲಿ ಆ ಊರಿನವರು ರೇವಿನಲ್ಲಿ ಆಳೆತ್ತರಕ್ಕೂ ಮಿಗಿಲಾದ ಬಾಣಲೆ ಇಟ್ಟು ಮೀನು ಕರಿದು ಬಂದವರಿಗೆಲ್ಲ ಹಂಚುತ್ತಾರೆ. ಹಬ್ಬ ಶುರುವಾದದ್ದು 1952ರಲ್ಲಿ.

ಹೀಗೆ ಹಂಚುವ ಬುದ್ಧಿ ಎಲ್ಲ ಊರಿಗೂ ಇರಲಿಲ್ಲ. ಕಾಪ್ರಿ ದ್ವೀಪದ ಶ್ರೀಮಂತಿಕೆ ಮಿಕ್ಕವಕ್ಕಿಂತ ಎರಡು ಸಾವಿರ ವರ್ಷ ಹಳೆಯದು. ರೋಮಿನ ಚಕ್ರವರ್ತಿ ಟೈಬೀರಿಯಸ್ ರಾಜಧಾನಿಯನ್ನು ಬಿಟ್ಟು ಈ ದ್ವೀಪಕ್ಕೆ ಬಂದು, ಕ್ರಿ.ಶ. 37ರಲ್ಲಿ ಸಾಯುವವರೆಗೆ ಹೆಚ್ಚುಕಡಿಮೆ ಇಲ್ಲಿಂದಲೇ ಸಾಮ್ರಾಜ್ಯ ಆಳಿದ. ಬೆಟ್ಟದ ನೆತ್ತಿಯ ಮೇಲೆ ಅವನ ಅರಮನೆಯ ಪಾಳು ಇನ್ನೂ ಇದೆ. ಒಬ್ಬ ಬಡ ಬೆಸ್ತ ದೊಡ್ಡ ಮೀನೊಂದನ್ನು ಹಿಡಿದ ಸಂತೋಷದಲ್ಲಿ, ದ್ವೀಪದ ಹಿಂಭಾಗದ ಬಂಡೆ ಹತ್ತಿ, ಚಕ್ರವರ್ತಿಯ ಎದುರಿಗೇ ಪ್ರತ್ಯಕ್ಷನಾಗಿ ಕಾಣಿಕೆ ಒಪ್ಪಿಸಿದನಂತೆ. ಏಕಾಂತಕ್ಕೆ ಭಂಗ ಬಂದುದಕ್ಕೆ ಬೆಚ್ಚಿದ ಟೈಬೀರಿಯಸ್ ಅದೇ ಮೀನಿನಿಂದ ಅವನ ಮುಖ ಉಜ್ಜಿಸಿದ. ಬೆಸ್ತನೋ, ನೋವಿನಲ್ಲೂ ಬಾಯಿ ಬಿಗಿಹಿಡಿಯದವನು: ಸದ್ಯ, ನಾನು ಹಿಡಿದ ದೊಡ್ಡ ಏಡಿಯನ್ನು ತರಲಿಲ್ಲವಲ್ಲ ಎಂದುಬಿಟ್ಟ. ಚಕ್ರವರ್ತಿ ಏಡಿಯನ್ನೂ ತರಿಸಿದ. ಕಥೆ ಸ್ವೆಟೋನಿಯಸ್ ಎಂಬ ಚರಿತ್ರೆಕಾರ ಬರೆದದ್ದು. ಅವನಿಗೆ ಚಕ್ರವರ್ತಿಗಳ ಚಾಡಿ ಎಂದರೆ ಪ್ರಾಣ, ಆದ್ದರಿಂದ ಸ್ವಲ್ಪ ಉಪ್ಪು ಕಡಿಮೆ ಮಾಡಿ ನಂಬಬೇಕು. ಇಂದು ಕಾಪ್ರಿಯ ಚೌಕದಲ್ಲಿ ಕೂತರೆ ನಿಮ್ಮ ಮುಖವನ್ನು ಯಾರೂ ಉಜ್ಜುವುದಿಲ್ಲ, ಬಿಲ್ ಮಾತ್ರ ಕೊಡುತ್ತಾರೆ.

ಹೆಣ್ಣುಮಕ್ಕಳ ವಿಷಯವೊಂದು ಈ ತೀರದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಗ್ರೀಸಿನ ಹಡಗು ಧಣಿ ಒನಾಸಿಸ್, ಮಹಾಯುದ್ಧದಲ್ಲಿ ದುಡಿದ ಕೆನಡಾದ ಯುದ್ಧನೌಕೆಯೊಂದನ್ನು ಗುಜರಿಯ ಬೆಲೆಗೆ ಕೊಂಡು, ನೂರು ಪಟ್ಟು ಖರ್ಚು ಮಾಡಿ ಯಾಟ್ ಮಾಡಿಸಿ ಮಗಳು ಕ್ರಿಸ್ಟಿನಾಳ ಹೆಸರಿಟ್ಟ. ಅದರ ಈಜುಕೊಳದ ತಳ ಗುಂಡಿ ಒತ್ತಿದರೆ ಮೇಲೇರಿ ನೃತ್ಯದ ಅಂಗಳವಾಗುತ್ತಿತ್ತು. ನಟ ರಿಚರ್ಡ್ ಬರ್ಟನ್ ತನ್ನ ಮತ್ತು ಎಲಿಜಬೆತ್ ಟೇಲರಳ ಯಾಟಿಗೆ ಕೇಟ್, ಲೀಸಾ, ಮರಿಯಾ ಎಂಬ ಮೂವರು ಹುಡುಗಿಯರ ಹೆಸರು ಜೋಡಿಸಿ ‘ಕಲಿಜ್ಮಾ’ ಎಂದ. ಆದರೆ ನಿಜವಾಗಿ ಲಾಭ ಕಂಡ ಹೆಣ್ಣುಮಕ್ಕಳು ಸಾರ್ಡೀನಿಯಾ ದ್ವೀಪದವರು. ಅಲ್ಲಿ ಕುರಿ ಮೇಯಲು ಆಗುವ ಒಳನಾಡಿನ ಜಮೀನು ಗಂಡುಮಕ್ಕಳಿಗೆ, ಕಲ್ಲು, ಉಪ್ಪುಗಾಳಿ, ಮಲೇರಿಯಾ ಇದ್ದ ಕಡಲಂಚಿನ ಬರಡು ಹೆಣ್ಣುಮಕ್ಕಳಿಗೆ ಎಂದು ಪಾಲು ಮಾಡುತ್ತಿದ್ದರಂತೆ. 1962ರಲ್ಲಿ ಇಸ್ಮಾಯಿಲಿ ಗುರು, ನಾಲ್ಕನೆಯ ಆಗಾ ಖಾನ್, ಜೊತೆಗಾರರೊಂದಿಗೆ ಬಂದು ಆ ಬರಡನ್ನೇ ಕೊಂಡು ‘ಕೋಸ್ಟಾ ಸ್ಮೆರಾಲ್ಡಾ’ ಎಂದು ಹೆಸರಿಟ್ಟು ಪೋರ್ಟೊ ಚೆರ್ವೊ ಎಂಬ ಯಾಟುಗಳ ಊರು ಕಟ್ಟಿಸಿದರು. ಅಣ್ಣತಮ್ಮಂದಿರು ಕುರಿ ಕಾಯುತ್ತ ಉಳಿದರು, ತಂಗಿಯರು ಲಕ್ಷಾಧೀಶ್ವರಿಯರಾದರು. ಇವಳಿಗೆ ಇಡೀ ಪ್ರವಾಸದಲ್ಲಿ ಹಿಡಿಸಿದ ಕಥೆ ಇದೊಂದೇ. ಅದನ್ನು ತವರಿನವರಿಗೆ ಫೋನಿನಲ್ಲಿ ಹೇಳಿಯೂ ಹೇಳಿದಳು. ಈ ಆಗಾ ಖಾನರ ಅಜ್ಜ ಕಟ್ಟಿಸಿದ ಪುಣೆಯ ಅರಮನೆಯಲ್ಲೇ ಗಾಂಧೀಜಿ ಸೆರೆಯಲ್ಲಿದ್ದದ್ದು, ಕಸ್ತೂರಬಾ ಕಣ್ಣು ಮುಚ್ಚಿದ್ದು. ಒಂದೇ ಮನೆತನದ ಎರಡು ಕಟ್ಟಡಗಳ ನಡುವಿನ ಈ ದೂರವನ್ನು ಯಾವ ನೌಕೆಯೂ ಕ್ರಮಿಸಲಾರದು.

ಪೋರ್ಟೊ ಚೆರ್ವೊ ನನಗೇನೂ ಹಿಡಿಸಲಿಲ್ಲ. ಹಳೆಯದರಂತೆ ಕಾಣಲು ಹೊಸದಾಗಿ ಕಟ್ಟಿದ ಊರು. ಗೋಡೆಯ ಓರೆಯೂ ನಕ್ಷೆಯಲ್ಲಿ ಬರೆದ ಓರೆ. ಹೆಚ್ಚು ಹೇಳುವುದಿಲ್ಲ.

ನಮ್ಮವರೂ ಈ ತೀರಕ್ಕೆ ಹೆಬ್ಬಾಗಿಲಿನಿಂದಲೇ ಬಂದಿದ್ದರು. ಬಂಟ್ವಾಳ ಮೂಲದ ಮನೆತನದ, ಬೆಂಗಳೂರಿನಿಂದ ಉದ್ಯಮ ನಡೆಸಿದ ವಿಜಯ್ ಮಲ್ಯ ಬರ್ಟನ್ನನ ಅದೇ ‘ಕಲಿಜ್ಮಾ’ವನ್ನು ಕೊಂಡಿದ್ದರು, ಆಮೇಲೆ 95 ಮೀಟರ್ ಉದ್ದದ ‘ಇಂಡಿಯನ್ ಎಂಪ್ರೆಸ್’ ಅವರದಾಯಿತು. ಮೊನಾಕೊದಲ್ಲಿ ಕಾರು ಪಂದ್ಯ ನಡೆಯುವ ವಾರ ಅದರ ಮೇಲಿನ ಔತಣಗಳು ಪತ್ರಿಕೆಗಳಲ್ಲಿ ಬರುತ್ತಿದ್ದವು. 2018ರಲ್ಲಿ ನೌಕೆಯ ಸಿಬ್ಬಂದಿ, 40ಕ್ಕೂ ಹೆಚ್ಚು ಜನ, ಸಂಬಳ ಬಂದಿಲ್ಲವೆಂದು ದೂರಿದರು. ಮಾಲ್ಟಾದಲ್ಲಿ ಅದನ್ನು ತಡೆಹಿಡಿದು ಕೊನೆಗೆ 3.5 ಕೋಟಿ ಯೂರೊಗೆ ಮಾರಿದರು. ಯಾಟ್ ಕೊಳ್ಳುವುದಕ್ಕಿಂತ ಇಟ್ಟುಕೊಳ್ಳುವುದೇ ಕಷ್ಟ. ಕೊಂಡ ಬೆಲೆಯ ಹತ್ತನೆಯ ಒಂದು ಪಾಲು ಪ್ರತಿ ವರ್ಷ ಖರ್ಚಿಗೆ ಬೇಕು ಎಂಬುದು ಆ ವ್ಯವಹಾರದವರ ಲೆಕ್ಕ. ಬಾಡಿಗೆಗೆ ಹಿಡಿದರೂ ಸುಖವಿಲ್ಲ. ಎಣ್ಣೆ, ಊಟ, ರೇವಿನ ಶುಲ್ಕಕ್ಕೆಂದು ಬಾಡಿಗೆಯ ಮೂರನೆಯ ಒಂದು ಪಾಲಿನಷ್ಟನ್ನು ಮೊದಲೇ ಮೇಲೆ ಕಟ್ಟಿಸಿಕೊಳ್ಳುತ್ತಾರೆ. ಕಡೆಗೆ ಸಿಬ್ಬಂದಿಗೆ ಭಕ್ಷೀಸು ಬೇರೆ.

ಸಿಬ್ಬಂದಿಯನ್ನು ನೋಡಬೇಕಾದರೆ ಫ್ರಾನ್ಸಿನ ಆಂಟೀಬ್‌ಗೆ ಹೋಗಬೇಕು. ಅಲ್ಲಿಯ ವೋಬಾನ್ ರೇವಿನಲ್ಲಿ ದೊಡ್ಡ ಯಾಟುಗಳು ನಿಲ್ಲುವ ಸಾಲಿಗೆ ಜನ ಇಟ್ಟ ಹೆಸರು ‘ಕೋಟ್ಯಧೀಶರ ದಕ್ಕೆ’. ನೌಕೆಗಳ ಹಿಂಭಾಗದಲ್ಲಿ ಊರಿನ ಹೆಸರು ಬರೆದಿರುತ್ತದೆ. ಬಹಳಷ್ಟರ ಮೇಲೆ ಜಾರ್ಜ್‌ಟೌನ್, ವ್ಯಾಲೆಟ್ಟಾ ಎಂದಿದೆ. ತೆರಿಗೆಯ ಅನುಕೂಲಕ್ಕೆ ಅಲ್ಲಿ ನೋಂದಣಿ, ಅಷ್ಟೇ. ಕೇಮನ್ ದ್ವೀಪದ ಆ ಜಾರ್ಜ್‌ಟೌನನ್ನು ಕಣ್ಣಿಂದ ನೋಡದ ನೌಕೆಗಳೇ ಅವುಗಳಲ್ಲಿ ಹೆಚ್ಚಿರಬೇಕು. ವಸಂತದಲ್ಲಿ ಬೇರೆ ಬೇರೆ ದೇಶಗಳ ಹುಡುಗ ಹುಡುಗಿಯರು ಬಯೋಡೇಟಾ ಹಿಡಿದು ದಕ್ಕೆಯುದ್ದಕ್ಕೂ ನೌಕೆಯಿಂದ ನೌಕೆಗೆ ಕೆಲಸ ಕೇಳುತ್ತ ನಡೆಯುತ್ತಾರೆ. ಕೆಲಸ ಎಂದರೆ ಮುಖ್ಯವಾಗಿ ತೊಳೆಯುವುದು. ಉಪ್ಪುನೀರಿನ ಒಂದು ಕಲೆಯೂ ಉಳಿಯಬಾರದು. ಸಂದುಗೊಂದುಗಳಿಗೆ ಕಿವಿಗೆ ಹಾಕುವ ಹತ್ತಿಕಡ್ಡಿ. “ಇಷ್ಟು ದೊಡ್ಡದನ್ನು ಗುಡಿಸುವವರು ಯಾರಪ್ಪ” ಎಂದು ಇವಳು ಎಲ್ಲ ಊರಿನಲ್ಲೂ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು. ಧಣಿ ಬರುವುದು ವರ್ಷದಲ್ಲಿ ಕೆಲವೇ ವಾರ. ಉಳಿದ ದಿನ ಆ ಮಕ್ಕಳು ಬಾರದವರಿಗಾಗಿ ಹೊಳಪು ಕೊಡುತ್ತಿರುತ್ತಾರೆ.

ಮೊನಾಕೊದ ವಿಸ್ತೀರ್ಣ ಸುಮಾರು 2 ಚದರ ಕಿಲೊಮೀಟರ್. ಅಲ್ಲಿ ನನಗೆ ಹಿಡಿಸಿದ್ದು ಎರಡು. ಒಂದು, ರೇವಿಗೆ ಅಲೆ ತಡೆಯುವ 352 ಮೀಟರ್ ಉದ್ದದ ತೇಲುವ ಗೋಡೆ. ಅದನ್ನು ಸ್ಪೇನಿನಲ್ಲಿ ಕಟ್ಟಿ, 2002ರಲ್ಲಿ ಕಡಲ ಮೇಲೆ ಎಳೆದು ತಂದು ದಡಕ್ಕೆ ಸೇರಿಸಿದರು. ಇನ್ನೊಂದು, ರೇವಿನ ಈ ಬದಿಯಿಂದ ಆ ಬದಿಗೆ ದಾಟಿಸುವ ಪುಟ್ಟ ವಿದ್ಯುತ್ ದೋಣಿ. ನಾವು ಕೊಟ್ಟದ್ದು ತಲೆಗೆ 2 ಯೂರೊ. ಆ ದೇಶದಲ್ಲಿ ಅಷ್ಟಕ್ಕೆ ಸಿಗುವ ಬೇರೆ ಸುಖ ನನಗೆ ಕಾಣಲಿಲ್ಲ.

ಪೂರ್ವಕ್ಕೆ ಹೋದಷ್ಟೂ ಥಳಕು ಸ್ವಲ್ಪ ಇಳಿಯುತ್ತದೆ, ಕಥೆ ಏರುತ್ತದೆ. ಗ್ರೀಸಿನ ಹೈಡ್ರಾ ದ್ವೀಪದಲ್ಲಿ ಕಾರುಗಳಿಗೆ ಪ್ರವೇಶವಿಲ್ಲ. ಯಾಟಿನಿಂದ ಇಳಿದವರ ದುಬಾರಿ ಪೆಟ್ಟಿಗೆಗಳು ಕತ್ತೆಯ ಬೆನ್ನೇರಿ ಮೆಟ್ಟಿಲು ಹತ್ತುತ್ತವೆ. ಕೆನಡಾದ ಕವಿ, ಗಾಯಕ ಲೆನಾರ್ಡ್ ಕೋಹೆನ್ 1960ರಲ್ಲಿ ಅಲ್ಲಿ 1,500 ಡಾಲರಿಗೆ ಮನೆ ಕೊಂಡಿದ್ದ. ಟರ್ಕಿಯ ಬೋದ್ರುಮ್ ಕಥೆ ಇನ್ನೂ ಸೊಗಸು. 1925ರಲ್ಲಿ ಜೆವಾತ್ ಶಾಕಿರ್ ಎಂಬ ಬರಹಗಾರ ಸೇನೆಯಿಂದ ಓಡಿಹೋದವರ ಬಗ್ಗೆ ಏನೋ ಬರೆದನೆಂದು ಸರ್ಕಾರ ಅವನನ್ನು ಆ ಮೂಲೆಯ ಹಳ್ಳಿಗೆ ಗಡೀಪಾರು ಮಾಡಿತು. ಶಿಕ್ಷೆ ಅನುಭವಿಸಲು ಹೋದವನು ಕಡಲನ್ನು ಕಂಡು ಮರುಳಾದ. ಅವಧಿ ಮುಗಿದ ಮೇಲೂ ಮರಳಿ ಬಂದು ನೆಲೆಸಿದ, ಬೆಸ್ತರ ಕಥೆ ಬರೆದ, ಹೊಸ ಜಾತಿಯ ಗಿಡಗಳನ್ನು ತರಿಸಿ ನೆಟ್ಟ, ಊರಿನ ಹಳೆಯ ಹೆಸರು ಹಿಡಿದು ‘ಹಾಲಿಕಾರ್ನಾಸ್ ಬೆಸ್ತ’ ಎಂಬ ಅರ್ಥದ ಕಾವ್ಯನಾಮ ಇಟ್ಟುಕೊಂಡ. ಗೆಳೆಯರನ್ನು ಕೂಡಿಸಿಕೊಂಡು ಸ್ಪಂಜು ತೆಗೆಯುವವರ ದೋಣಿಯಲ್ಲಿ ಒಣರೊಟ್ಟಿ, ಗಿಣ್ಣು, ಹೊಗೆಸೊಪ್ಪು, ರಾಕಿ ತುಂಬಿಕೊಂಡು ಕೊಲ್ಲಿಯಿಂದ ಕೊಲ್ಲಿಗೆ ಅಲೆಯುತ್ತಿದ್ದ. ಆ ಅಲೆದಾಟಕ್ಕೆ ‘ನೀಲಿ ಯಾನ’ ಎಂಬ ಹೆಸರು ಬಿತ್ತು. ಇಂದು ಅದೇ ಹೆಸರಿನಲ್ಲಿ ಹವಾನಿಯಂತ್ರಿತ ಮರದ ನೌಕೆಗಳು ಬಾಡಿಗೆಗಿವೆ. ಸರ್ಕಾರಗಳು ಲೇಖಕರಿಗೆ ಶಿಕ್ಷೆ ಕೊಡುವಾಗ ಊರನ್ನು ಇನ್ನಷ್ಟು ಎಚ್ಚರದಿಂದ ಆರಿಸಬೇಕು.

ಓದುಗರಲ್ಲಿ ಯಾಟ್ ಉಳ್ಳವರು ಯಾರಾದರೂ ಇದ್ದರೆ ಒಂದು ಮಾತು: ಆ ನೀರಿನ ತಳದಲ್ಲಿ ಪೊಸಿಡೋನಿಯಾ ಎಂಬ ಕಡಲಹುಲ್ಲಿನ ಬಯಲುಗಳಿವೆ, ಮೀನು ಮರಿ ಮಾಡುವ ಜಾಗ. ಲಂಗರು ಅದನ್ನು ಬೇರುಸಹಿತ ಕೀಳುತ್ತದೆ. 24 ಮೀಟರಿಗಿಂತ ಉದ್ದದ ನೌಕೆಗಳು ಆ ಹುಲ್ಲಿನ ಮೇಲೆ ಲಂಗರು ಹಾಕುವುದನ್ನು ಫ್ರಾನ್ಸ್ ನಿಷೇಧಿಸಿದೆ. ನಿಮ್ಮದು 23 ಮೀಟರ್ ಇದ್ದರೂ ಮರಳು ನೋಡಿ ಹಾಕಿ.

ಉಳಿದವರಿಗೆ, ಅಂದರೆ ನಮ್ಮಂಥವರಿಗೆ: ಬಸ್ ಬೇಡ, ದೋಣಿ ಹಿಡಿಯಿರಿ. ಬೇಸಿಗೆಯಲ್ಲಿ ನೀಸ್‌ನಿಂದ ಸಾಂ ತ್ರೋಪೆಗೆ, ನೇಪಲ್ಸ್‌ನಿಂದ ಕಾಪ್ರಿಗೆ, ಪೀರೇಯಸ್‌ನಿಂದ ಹೈಡ್ರಾಗೆ ಟಿಕೆಟ್ ದೋಣಿಗಳಿವೆ. ಸಾಂತಾ ಮಾರ್ಗರೀತಾದಲ್ಲಿ ಹತ್ತಿದರೆ ಪೋರ್ಟೊಫಿನೊ ಕಾಲು ಗಂಟೆ. ಅಲ್ಲಿ ಇಳಿಯದಿದ್ದರೂ ನಷ್ಟವಿಲ್ಲ, ಮುಂದೆ ಸಾನ್ ಫ್ರುತ್ವೋಸೊಗೆ ಹೋಗಿ. ಕೊಲ್ಲಿಯ ಅಂಚಿನಲ್ಲಿ ಹಳೆಯ ಮಠ, ಬೆರಳೆಣಿಕೆಯ ಮನೆಗಳು, 1954ರಲ್ಲಿ ಕಡಲ ತಳದಲ್ಲಿ ಸುಮಾರು 17 ಮೀಟರ್ ಆಳಕ್ಕೆ ಇಳಿಸಿ ನಿಲ್ಲಿಸಿದ, ಕೈಯೆತ್ತಿದ ಕಂಚಿನ ಕ್ರಿಸ್ತ. ಆ ಊರಿಗೆ ಹಿತ್ತಿಲ ಬಾಗಿಲೇ ಇಲ್ಲ. ರಸ್ತೆ ಇಂದಿಗೂ ಹೋಗಿಲ್ಲ. ಕಡಲು ಕೆರಳಿದ ದಿನ ದೋಣಿ ಬಿಡುವುದಿಲ್ಲ. ಆಗ ಪೋರ್ಟೊಫಿನೊದಿಂದ ಬೆಟ್ಟದ ಕಾಲುದಾರಿಯೇ ಗತಿ, ಸುಮಾರು ಎರಡು ಗಂಟೆಯ ನಡಿಗೆ. ನೀರಿನ ಬಾಟಲಿ ಜೊತೆಗಿರಲಿ.